ಜಾಲದ ಸಿ.ಡಿ. ತೆರೆಯದಿದ್ದಾಗ

ವಿದ್ಯಾರ್ಥಿಗಳೇ, ಕಾಲೇಜಿನ ಗ್ರಂಥಾಲಯದ ಒಂದು ಗಣಕಯಂತ್ರದಲ್ಲಿ ವಿಶ್ವಕೋಶದ ಸಿ.ಡಿ. ಇದೆ ಎಂದುಕೊಳ್ಳಿ. ನೀವು ಕುಳಿತಿರುವುದು ಪ್ರಯೋಗಾಲಯದ ಇನ್ನೊಂದು ಯಂತ್ರದ ಮುಂದೆ. ನಾಳೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಜಾಲದ ಮೂಲಕ ಸಿ.ಡಿ. ತೆರೆಯಹೋದರೆ ಪ್ರವೇಶವಿಲ್ಲ ಎಂಬ ಸಂದೇಶ! ಆಗ ಸಾಮಾನ್ಯವಾಗಿ ಯಾರಾದರೂ ಕನಿಕರಪಟ್ಟು ನಿರ್ವಾಹಕರ ಗುಪ್ತಪದವನ್ನೇ ಹೇಳಿಕೊಟ್ಟುಬಿಡುತ್ತಾರೆ. ಇದು ರೋಗ ತಿಳಿಯದೆ ಕೊಟ್ಟ ಔಷಧಿ. ಒಂದು ಸಿ.ಡಿ. ಓದಲು ಇಡೀ ಯಂತ್ರದ ಬೀಗದ ಕೈ ಏಕೆ?

1990ರ ದಶಕದಲ್ಲಿ ಇದು ಗ್ರಂಥಾಲಯಗಳ ದಿನನಿತ್ಯದ ಗೋಳಾಗಿತ್ತು. ಈಗ ಸಿ.ಡಿ. ಅಪರೂಪ. ಆದರೆ ಹಳೆಯ ಸಂಗ್ರಹ ಉಳಿದಿರುವಲ್ಲಿ ತೊಡಕು ಅದೇ, ವಿಂಡೋಸ್ ತೋರಿಸುವ ದೋಷಸಂಖ್ಯೆಗಳೂ ಅವೇ.

ಮೊದಲು ಒಂದು ಮಾತು. ವಿಂಡೋಸ್ ಎನ್.ಟಿ.ಯ ಎನ್.ಟಿ.ಎಫ್.ಎಸ್. ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಕಡತಕ್ಕೂ ಅದನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬ ಪಟ್ಟಿ ಇರುತ್ತದೆ. ಐ.ಎಸ್.ಓ. 9660 ಮಾದರಿಯ ಸಾಮಾನ್ಯ ಸಿ.ಡಿ.ಯಲ್ಲಿ ವಿಂಡೋಸ್‌ಗೆ ಅಂಥ ಪಟ್ಟಿ ಸಿಗುವುದಿಲ್ಲ. ಎಂದಮೇಲೆ ನಿಮ್ಮನ್ನು ತಡೆದದ್ದು ಸಿ.ಡಿ. ಅಲ್ಲ, ಅದನ್ನು ಹಂಚಿಕೊಟ್ಟಿರುವ ಯಂತ್ರ. ಹಂಚಿಕೆಗೆ ಓದುವ ಅನುಮತಿಯೊಂದೇ ಸಾಕು. ಬರೆಯಲಾಗದ ತಟ್ಟೆಗೆ ಪೂರ್ಣ ಅಧಿಕಾರ ಕೊಟ್ಟು ಪ್ರಯೋಜನವೇನು?

ಇನ್ನು ಸಂಖ್ಯೆಗಳು. ಕೇಳಿದ್ದು ಮರೆಯುತ್ತದೆ, ಗುರುತು ಹಾಕಿಕೊಳ್ಳಿ. ‘ನೆಟ್ ಯೂಸ್’ ಆದೇಶ ಕೊಟ್ಟಾಗ 53 ಬಂದರೆ ಆ ಯಂತ್ರವೇ ಸಿಕ್ಕಿಲ್ಲ: ತಂತಿ ಕಳಚಿರಬಹುದು, ಯಂತ್ರ ಆರಿರಬಹುದು, ಹೆಸರು ತಪ್ಪಿರಬಹುದು. 67 ಬಂದರೆ ಹಂಚಿಕೆಯ ಹೆಸರನ್ನು ಮತ್ತೊಮ್ಮೆ ನೋಡಿ. 1326 ಎಂದರೆ ಬಳಕೆದಾರರ ಹೆಸರು ಅಥವಾ ಗುಪ್ತಪದ ಹೊಂದಲಿಲ್ಲ. 71 ಎಂದರೆ ಜಾಗ ಭರ್ತಿ, ಎನ್.ಟಿ. ವರ್ಕ್‌ಸ್ಟೇಷನ್ 4.0 ಒಮ್ಮೆಗೆ 10 ಸಂಪರ್ಕಗಳನ್ನಷ್ಟೇ ಒಪ್ಪುತ್ತಿತ್ತು, ಹನ್ನೊಂದನೆಯವರು ಕಾಯಬೇಕಿತ್ತು. 21 ಬಂದರೆ ಡ್ರೈವ್ ಸಿದ್ಧವಿಲ್ಲ, ಬಹುಶಃ ಯಾರೋ ಸಿ.ಡಿ. ತೆಗೆದುಕೊಂಡು ಹೋಗಿದ್ದಾರೆ. ಇವುಗಳಲ್ಲಿ ಯಾವುದೂ ಅನುಮತಿ ಹೆಚ್ಚಿಸಿದರೆ ಗುಣವಾಗುವಂಥದ್ದಲ್ಲ.

ನಿಜವಾದ ಅನುಮತಿಯ ಪ್ರಶ್ನೆ ಬರುವುದು 5 ಬಂದಾಗ. ಬಾಗಿಲವರೆಗೆ ಹೋಗಿದ್ದೀರಿ, ಒಳಗೆ ಬಿಟ್ಟಿಲ್ಲ. ಹಂಚಿಕೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಅಥವಾ ಗುಂಪು ಇದೆಯೇ ಎಂದು ನಿರ್ವಾಹಕರನ್ನು ಕೇಳಿ. ಪಟ್ಟಿ ಸರಿಯಿದ್ದೂ 5 ಬರುವ ಒಂದು ಸಂದರ್ಭ ಅನುಭವಸ್ಥರನ್ನೂ ದಿಕ್ಕುಗೆಡಿಸುತ್ತದೆ. ಬೆಳಿಗ್ಗೆ ತೆರೆಯುತ್ತಿದ್ದ ಸಿ.ಡಿ., ಗ್ರಂಥಪಾಲಕರು ಬಂದು ಆ ಯಂತ್ರದಲ್ಲಿ ಲಾಗಾನ್ ಆದೊಡನೆ ಯಾರಿಗೂ ತೆರೆಯದು! ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ವಿನ್‌ಲಾಗಾನ್ ವಿಭಾಗದಲ್ಲಿ, ‘ಅಲೊಕೇಟ್‌ಸಿಡಿರಾಮ್ಸ್’ ಎಂಬ ಒಂದು ನಮೂದು ಇರುತ್ತದೆ. ಅದರ ಬೆಲೆ 1 ಆಗಿದ್ದರೆ ಯಂತ್ರದ ಎದುರು ಕುಳಿತವರಿಗೆ ಮಾತ್ರ ಸಿ.ಡಿ. ಮೀಸಲು, ಜಾಲದಿಂದ ಬಂದವರು ಹೊರಗೆ. ಭದ್ರತೆಗಾಗಿ ಯಾರೋ ಬೇಕೆಂದೇ ಹಾಗೆ ಇಟ್ಟಿರಬಹುದು, ಆದ್ದರಿಂದ ನೀವೇ ಕೈಹಾಕಬೇಡಿ.

ಸಿ.ಡಿ. ತೆರೆದರೂ ಒಳಗಿನ ಕಾರ್ಯಕ್ರಮ ‘ಸಿ.ಡಿ. ಹಾಕಿ’ ಎಂದು ಹಟ ಹಿಡಿಯುವುದುಂಟು. ಅದನ್ನು ಅನುಸ್ಥಾಪಿಸಿದಾಗ ಡ್ರೈವ್ ‘ಡಿ’ ಆಗಿದ್ದು, ಈಗ ನೀವು ಜಾಲದ ಡ್ರೈವ್‌ಗೆ ‘ಎಲ್’ ಅಕ್ಷರ ಕೊಟ್ಟಿದ್ದರೆ ಪಾಪ, ಅದು ಹಳೆಯ ವಿಳಾಸದಲ್ಲೇ ಹುಡುಕುತ್ತದೆ. ಎಲ್ಲ ಯಂತ್ರಗಳಲ್ಲೂ ಒಂದೇ ಅಕ್ಷರ ಕೊಟ್ಟು, ಆ ಅಕ್ಷರದಿಂದಲೇ ಮತ್ತೆ ಅನುಸ್ಥಾಪಿಸಿದರೆ ಬಹುಪಾಲು ಸರಿಹೋಗುತ್ತದೆ. ಕೆಲವು ಕಾರ್ಯಕ್ರಮಗಳು ಮಾತ್ರ ‘ಇದು ಸಿ.ಡಿ. ಡ್ರೈವೇ?’ ಎಂದು ಯಂತ್ರವನ್ನೇ ಕೇಳುತ್ತವೆ. ‘ಅಲ್ಲ, ಜಾಲದ ಡ್ರೈವ್’ ಎಂಬ ಉತ್ತರ ಬಂದರೆ ಕೆಲಸ ಮಾಡಲು ಒಪ್ಪುವುದಿಲ್ಲ. ಅವನ್ನು ಗ್ರಂಥಾಲಯದ ಯಂತ್ರದಲ್ಲೇ ನೋಡಬೇಕು.

ನಿರ್ವಾಹಕರ ಬಳಿ ಹೋಗುವಾಗ ‘ಸಿ.ಡಿ. ಬರುತ್ತಿಲ್ಲ ಸಾರ್’ ಎಂದಷ್ಟೇ ಹೇಳಬೇಡಿ. ದೋಷಸಂಖ್ಯೆ, ಗಂಟೆ, ಯಾವ ಯಂತ್ರದಿಂದ ಯಾವ ಹೆಸರಿನಲ್ಲಿ ಪ್ರಯತ್ನಿಸಿದಿರಿ, ಆಗ ಗ್ರಂಥಾಲಯದ ಯಂತ್ರದಲ್ಲಿ ಯಾರಾದರೂ ಲಾಗಾನ್ ಆಗಿದ್ದರೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.