ಮಧ್ಯರಾತ್ರಿಯ ಕ್ವಾಲಾಲಂಪುರ ಫ್ಲೈಟು ಮತ್ತು ಚಿಂತಾಮಣಿ ಬಸ್ಸು

ಇಂಟರ್ನಲ್ಸ್ ಸಮಯದಲ್ಲಿ ರಾತ್ರಿ ಹನ್ನೆರಡರ ಮೇಲೆ ಹಾಸ್ಟೆಲ್ ಟೆರೇಸಿಗೆ ಹೋದವರು ಒಂದು ವಿಷಯ ಗಮನಿಸಿರ್ತೀರ. ಊರೆಲ್ಲ ಮಲಗಿರುತ್ತೆ, ಆದ್ರೆ ದೇವನಹಳ್ಳಿ ಕಡೆಯಿಂದ ಒಂದರ ಹಿಂದೆ ಒಂದು ದೀಪ ಮೇಲೇರುತ್ತಲೇ ಇರುತ್ತೆ. ಫೋನಲ್ಲಿ ಫ್ಲೈಟ್‌ರೇಡಾರ್ ತೆಗೆದು ನೋಡಿದ್ರೆ ಅದರಲ್ಲಿ ಸುಮಾರು ಹೆಸರು ಒಂದೇ ಕಡೆಯವು: ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಪುರ. ಯಾಕೆ ಇವೆಲ್ಲ ನಾವು ನಿದ್ದೆ ಮಾಡೋ ಹೊತ್ತಲ್ಲೇ ಹೊರಡ್ತವೆ? ಮತ್ತೆ ಕೆಲವು ಸಲ ಡೆಲ್ಲಿ ಟಿಕೆಟ್ಟಿನಷ್ಟೇ ದುಡ್ಡಿಗೆ ಬ್ಯಾಂಕಾಕ್ ಟಿಕೆಟ್ ಸಿಗೋದು ಹೇಗೆ?

ಈ ಎರಡು ಪ್ರಶ್ನೆಗೂ ಉತ್ತರ ಹುಡುಕ್ತಾ ಹೋದ್ರೆ ಆಗ್ನೇಯ ಏಷ್ಯಾದ ಇಡೀ ಏರ್‌ಲೈನ್ ಬಿಸಿನೆಸ್ ಅರ್ಥ ಆಗುತ್ತೆ. ಅದಕ್ಕೆ ಬೇಕಾದ ಅರ್ಧ ಪಾಠ ನಮ್ಮ ಚಿಂತಾಮಣಿ ಪ್ರೈವೇಟ್ ಬಸ್ಸಿನಲ್ಲೇ ಇದೆ.

ಮೊದಲು ಮ್ಯಾಪ್ ನೋಡೋಣ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ 13.4ರಿಂದ 13.6 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಬ್ಯಾಂಕಾಕ್ ಸುಮಾರು 13.7. ಅಂದ್ರೆ ಗೌರಿಬಿದನೂರಿನಿಂದ ಸ್ಕೇಲ್ ಇಟ್ಟು ಪೂರ್ವಕ್ಕೆ ಗೆರೆ ಎಳೆದ್ರೆ, ಅದು ಆಂಧ್ರ ದಾಟಿ, ಬಂಗಾಳ ಕೊಲ್ಲಿ ದಾಟಿ, ಅಂಡಮಾನಿನ ಉತ್ತರದ ತುದಿಯ ಹತ್ತಿರ ಹಾದು, ಮ್ಯಾನ್ಮಾರ್ ದಾಟಿ ಹೆಚ್ಚುಕಮ್ಮಿ ಬ್ಯಾಂಕಾಕಿಗೇ ತಲುಪುತ್ತೆ.

ಬೆಂಗಳೂರು ಏರ್‌ಪೋರ್ಟಿನಿಂದ ಡೆಲ್ಲಿ ಸುಮಾರು 1,700 ಕಿ.ಮೀ. ಬ್ಯಾಂಕಾಕ್ ಸುಮಾರು 2,500, ಕ್ವಾಲಾಲಂಪುರ 2,900, ಸಿಂಗಪುರ 3,200. ವಿದೇಶ ಅನ್ನೋ ಪದ ಕೇಳಿದ ತಕ್ಷಣ ದೂರ ಅನ್ನಿಸುತ್ತೆ, ನಿಜವಾಗಿ ಇವು ಮೂರೂವರೆಯಿಂದ ನಾಲ್ಕೂವರೆ ಗಂಟೆ ದೂರದ ಊರುಗಳು.

ಈ ದೂರ ಬಹಳ ಮುಖ್ಯ. ಸುಮಾರು 180 ಸೀಟಿನ, ನಡುವೆ ಒಂದೇ ಓಣಿ ಇರೋ ಏರ್‌ಬಸ್ ಎ320 ನಿಯೋ ವಿಮಾನ 6,000 ಕಿ.ಮೀ.ಗಿಂತ ಹೆಚ್ಚು ಹಾರಬಲ್ಲದು. ಅಂದ್ರೆ ಹುಬ್ಬಳ್ಳಿಗೋ ಡೆಲ್ಲಿಗೋ ಹೋಗಿ ಬಂದ ಅದೇ ವಿಮಾನ ರಾತ್ರಿ ಬ್ಯಾಂಕಾಕಿಗೂ ಹೋಗಬಹುದು. ಲಂಡನ್ನಿಗೆ ಹೋಗೋಕೆ ಬೇರೆ ದೊಡ್ಡ ವಿಮಾನ, ಬೇರೆ ಪೈಲಟ್‌ಗಳು, ಬೇರೆ ಬಿಡಿಭಾಗ ಬೇಕು. ಬ್ಯಾಂಕಾಕಿಗೆ ಏನೂ ಹೊಸದು ಬೇಕಿಲ್ಲ.

ನಿಂತ ಬಸ್ಸು ದುಡಿಯಲ್ಲ

ಚಿಂತಾಮಣಿ–ಬೆಂಗಳೂರು ರೂಟಲ್ಲಿ ಪ್ರೈವೇಟ್ ಬಸ್ ಹತ್ತಿದವರಿಗೆ ಗೊತ್ತು, ಬಸ್ಸು ಸ್ಟ್ಯಾಂಡಿಗೆ ಬಂದ ತಕ್ಷಣ ಕಂಡಕ್ಟರ್‌ಗೆ ಒಂದೇ ಅವಸರ: ಜನ ಇಳೀಬೇಕು, ಜನ ಹತ್ತಬೇಕು, ಬಸ್ಸು ಹೊರಡಬೇಕು. ಯಾಕಂದ್ರೆ ಮಾಲೀಕ ಕಟ್ಟೋ ಲೋನ್ ಕಂತು ಬಸ್ಸು ದಿನಕ್ಕೆ ನಾಲ್ಕು ಸಿಂಗಲ್ ಓಡಿದ್ರೂ ಅಷ್ಟೇ, ಆರು ಓಡಿದ್ರೂ ಅಷ್ಟೇ. ಹೆಚ್ಚು ಟ್ರಿಪ್ ಹೊಡೆದಷ್ಟೂ ಒಂದೊಂದು ಸೀಟಿನ ಮೇಲೆ ಬೀಳೋ ಕಂತಿನ ಭಾರ ಕಡಿಮೆ.

ವಿಮಾನದ್ದೂ ಇದೇ ಕಥೆ. ಲೆಕ್ಕಕ್ಕೆ ಅಂತ ಒಂದು ವಿಮಾನದ ಬಾಡಿಗೆ ತಿಂಗಳಿಗೆ 3 ಕೋಟಿ ರೂಪಾಯಿ ಅಂದುಕೊಳ್ಳಿ. ದಿನಕ್ಕೆ 8 ಗಂಟೆ ಹಾರಿಸಿದ್ರೆ ತಿಂಗಳಿಗೆ 240 ಗಂಟೆ, ಗಂಟೆಗೆ ಬಾಡಿಗೆ 1.25 ಲಕ್ಷ. 12 ಗಂಟೆ ಹಾರಿಸಿದ್ರೆ 360 ಗಂಟೆ, ಗಂಟೆಗೆ ಸುಮಾರು 83 ಸಾವಿರ. 4 ಗಂಟೆಯ ಕ್ವಾಲಾಲಂಪುರ ಪ್ರಯಾಣಕ್ಕೆ 180 ಸೀಟಿನ ಮೇಲೆ ಹಂಚಿದ್ರೆ ಮೊದಲ ಲೆಕ್ಕದಲ್ಲಿ ಸೀಟಿಗೆ ಸುಮಾರು 2,780 ರೂಪಾಯಿ, ಎರಡನೇದ್ರಲ್ಲಿ 1,850. ಅದೇ ವಿಮಾನ, ಅದೇ ದೂರ, ಅದೇ ಇಂಧನ. ಬರೀ ಸುಮ್ಮನೆ ನಿಲ್ಲಿಸದೇ ಇದ್ದದ್ದಕ್ಕೆ ಸೀಟಿಗೆ 900 ರೂಪಾಯಿಗಿಂತ ಹೆಚ್ಚು ಉಳೀತು.

ಈಗ ಮಧ್ಯರಾತ್ರಿಯ ಗುಟ್ಟು. ಹಗಲು ಹೊತ್ತು ಮಲೇಷ್ಯಾದ ಒಳಗೇ ಓಡಾಡಿದ ವಿಮಾನಕ್ಕೆ ರಾತ್ರಿ ಅಲ್ಲಿ ಜಾಸ್ತಿ ಗಿರಾಕಿ ಇಲ್ಲ. ಅದು ಅಲ್ಲಿನ ಟೈಮು ರಾತ್ರಿ ಒಂಬತ್ತೂವರೆಗೆ ಹೊರಟರೆ ನಮ್ಮಲ್ಲಿ ಸಂಜೆ ಏಳು, ಅವರ ಗಡಿಯಾರ ಎರಡೂವರೆ ಗಂಟೆ ಮುಂದೆ. ನಾಲ್ಕು ಗಂಟೆ ಹಾರಿ ಹನ್ನೊಂದಕ್ಕೆ ದೇವನಹಳ್ಳಿಯಲ್ಲಿ ಇಳಿದು, ಹನ್ನೆರಡಕ್ಕೆ ವಾಪಸ್ ಹೊರಟರೆ ಅಲ್ಲಿನ ಬೆಳಗ್ಗೆ ಆರೂವರೆಗೆ ಮನೆ ಸೇರುತ್ತೆ. ಬೆಳಗಿನ ಮೊದಲ ಟ್ರಿಪ್‌ಗೆ ರೆಡಿ! ಆಸ್ಟ್ರೇಲಿಯಾಕ್ಕೋ ಬಾಲಿಗೋ ಮುಂದಿನ ಫ್ಲೈಟ್ ಹಿಡಿಯೋರಿಗೂ ಅದು ಸರಿಯಾದ ಹೊತ್ತು. ನಮ್ಮ ನಿದ್ದೆ ಕೆಡಿಸೋಕೆ ಯಾರೂ ಆ ಟೈಮ್ ಇಟ್ಟಿಲ್ಲ, ರಾತ್ರಿ ಖಾಲಿ ನಿಲ್ಲಬೇಕಿದ್ದ ವಿಮಾನಕ್ಕೆ ಎಂಟು ಗಂಟೆ ಕೆಲಸ ಕೊಟ್ಟಿದ್ದಾರೆ ಅಷ್ಟೇ.

ಒಂದು ರಿಂಗಿಟ್ಟಿನ ಏರ್‌ಲೈನು, ಒಂದು ರೂಪಾಯಿ ಟಿಕೆಟ್ಟು

ಈ ಲೆಕ್ಕವನ್ನ ಆಗ್ನೇಯ ಏಷ್ಯಾದಲ್ಲಿ ದೊಡ್ಡದಾಗಿ ಮಾಡಿ ತೋರಿಸಿದ್ದು ಏರ್‌ಏಷ್ಯಾ. 2001ರಲ್ಲಿ ಟೋನಿ ಫರ್ನಾಂಡಿಸ್ ಮತ್ತವರ ಪಾಲುದಾರರು ಎರಡು ವಿಮಾನ ಮತ್ತು ದೊಡ್ಡ ಸಾಲ ಇದ್ದ ಈ ಕಂಪನಿಯನ್ನ ನಾಮಕಾವಸ್ತೆ ಒಂದು ರಿಂಗಿಟ್‌ಗೆ ಕೊಂಡರು. ಒಂದೇ ತರದ ವಿಮಾನ, ಬೇಗ ವಾಪಸ್ ಹೊರಡೋದು, ಊಟಕ್ಕೂ ಲಗೇಜಿಗೂ ಬೇರೆ ದುಡ್ಡು. ಅದರ ಸುತ್ತ ಇಂಡೋನೇಷ್ಯಾದ ಲಯನ್ ಏರ್, ಫಿಲಿಪ್ಪೀನ್ಸ್‌ನ ಸೆಬು ಪೆಸಿಫಿಕ್, ವಿಯೆಟ್ನಾಮಿನ ವಿಯೆಟ್‌ಜೆಟ್, ಸಿಂಗಪುರದ ಸ್ಕೂಟ್ ಹೀಗೆ ಒಬ್ಬರಿಗೊಬ್ಬರು ಪೈಪೋಟಿ ಕೊಡೋರು ಬೆಳೆದರು. ಅಲ್ಲಿ ಸಾವಿರಾರು ದ್ವೀಪಗಳು, ನಡುವೆ ಸಮುದ್ರ. ಬಸ್ಸಿಗೆ ಹೋಗೋಣ ಅಂದ್ರೆ ರೋಡೇ ಇಲ್ಲ. ಹಾಗಾಗಿ ಅಗ್ಗದ ವಿಮಾನಕ್ಕೆ ಜನ ಇದ್ದೇ ಇದ್ರು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಕನ್ನಡಿಗರೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದ್ರು, ಹುಬ್ಬಳ್ಳಿಯಂಥ ಊರಿಗೆ ಚಿಕ್ಕ ಎಟಿಆರ್ ವಿಮಾನ ಹಾರಿಸಿದ್ರು, ಒಂದು ರೂಪಾಯಿ ಟಿಕೆಟ್ಟಿನ ಸ್ಕೀಮ್ ತಂದ್ರು. ‘ಸೂರರೈ ಪೋಟ್ರು’ ನೋಡಿದವರಿಗೆ ಈ ಕಥೆ ಗೊತ್ತಿರುತ್ತೆ.

ಆದ್ರೆ ಸಿನಿಮಾ ಮುಗಿದ ಮೇಲಿನ ಕಥೆನೂ ಇದೆ. 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡಿತು, 2008ರಲ್ಲಿ ಎರಡೂ ಒಂದಾದವು. ಆಗ ಇದ್ದ ನಿಯಮದ ಪ್ರಕಾರ ಭಾರತದ ಏರ್‌ಲೈನ್ ವಿದೇಶಕ್ಕೆ ಹಾರಬೇಕಂದ್ರೆ 5 ವರ್ಷ ದೇಶದೊಳಗೆ ಹಾರಿರಬೇಕು, 20 ವಿಮಾನ ಇರಬೇಕು. ಇದನ್ನ 5/20 ನಿಯಮ ಅಂತಿದ್ರು. ಕಿಂಗ್‌ಫಿಷರ್‌ಗೆ 5 ವರ್ಷ ಆಗಿರಲಿಲ್ಲ, ಡೆಕ್ಕನ್‌ಗೆ 2008ರ ಆಗಸ್ಟಿಗೆ ಆಯ್ತು. ಸೆಪ್ಟೆಂಬರಿನಲ್ಲೇ ಕಿಂಗ್‌ಫಿಷರ್‌ನ ಬೆಂಗಳೂರು–ಲಂಡನ್ ವಿಮಾನ ಹೊರಟಿತು. ಹಳೇ ಪರ್ಮಿಟ್ ಇರೋ ಬಸ್ ಕಂಪನಿಯನ್ನ ಪರ್ಮಿಟ್ಟಿಗೋಸ್ಕರ ಕೊಂಡಂಗೆ.

ಆಮೇಲೆ ಏನಾಯ್ತು? ಎಟಿಆರ್, ಎ320, ದೊಡ್ಡ ಎ330 ಎಲ್ಲ ಒಂದೇ ಕಂಪನಿಯಲ್ಲಿ. ಪ್ರತಿ ಜಾತಿಗೂ ಬೇರೆ ಟ್ರೇನಿಂಗ್, ಬೇರೆ ಸ್ಟೋರ್, ಬೇರೆ ಮೆಕ್ಯಾನಿಕ್. ಒಂದು ಕಡೆ ಅಗ್ಗದ ಟಿಕೆಟ್, ಇನ್ನೊಂದು ಕಡೆ ರಾಜೋಪಚಾರ. ಸಾಲ ಬೆಳೀತಾ ಹೋಯ್ತು, 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಸಂಬಳ ಸಿಗದೆ ಕೂತ ಸಾವಿರಾರು ನೌಕರರ ಪೈಕಿ ಎಷ್ಟೋ ಜನ ಎಂಜಿನಿಯರ್‌ಗಳು, ಅಂದ್ರೆ ನಾಳೆ ನಾವು.

ಮಲೇಷ್ಯಾದ ಹೆಸರು, ಮಲೇಷ್ಯಾಕ್ಕೇ ಹೋಗಲಿಲ್ಲ

2014ರ ಜೂನಿನಲ್ಲಿ ಟಾಟಾ ಜೊತೆ ಸೇರಿ ಏರ್‌ಏಷ್ಯಾ ಇಂಡಿಯಾ ಬೆಂಗಳೂರಿನಿಂದ ಗೋವಾಕ್ಕೆ ಮೊದಲ ವಿಮಾನ ಹಾರಿಸಿತು. ತಮಾಷೆ ಅಂದ್ರೆ, ಕ್ವಾಲಾಲಂಪುರದ ಹೆಸರು ಹೊತ್ತ ಈ ಬೆಂಗಳೂರು ಕಂಪನಿ ಆ ಹೆಸರಲ್ಲಿ ಇದ್ದಷ್ಟು ದಿನ ಕ್ವಾಲಾಲಂಪುರಕ್ಕೆ ಪ್ಯಾಸೆಂಜರ್ ಸರ್ವಿಸ್ ನಡೆಸಲೇ ಇಲ್ಲ. ಶುರುವಿನಲ್ಲಿ 5/20 ಅಡ್ಡ ಬಂತು. 2016ರಲ್ಲಿ 5 ವರ್ಷದ ಷರತ್ತು ತೆಗೆದ್ರೂ 20 ವಿಮಾನದ್ದು ಉಳೀತು. ಕೊನೆಗೆ ಪೂರ್ತಿ ಟಾಟಾ ಕೈಗೆ ಬಂದು 2024ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಳಗೆ ಸೇರಿಹೋಯ್ತು. ಅಷ್ಟೂ ವರ್ಷ ನಮ್ಮ ತಲೆ ಮೇಲೆ ರಾತ್ರಿ ಹಾರ್ತಿದ್ದ ಏರ್‌ಏಷ್ಯಾ ವಿಮಾನ ಮಲೇಷ್ಯಾದ ಕಂಪನಿಯದ್ದು.

ಆಕಾಶದಲ್ಲೂ ಪರ್ಮಿಟ್ ಇದೆ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಎರಡು ದೇಶ ಕೂತು ಒಪ್ಪಂದ ಮಾಡ್ಕೊಳ್ತವೆ: ವಾರಕ್ಕೆ ಇಷ್ಟು ಸೀಟು, ಇಂತಿಂಥ ಊರು. 2003ರ ಸುಮಾರಿಗೆ ಭಾರತ ಆಸಿಯಾನ್ ದೇಶಗಳ ಏರ್‌ಲೈನ್‌ಗಳಿಗೆ 18 ಪ್ರವಾಸಿ ಊರುಗಳಿಗೆ ಎಷ್ಟು ಬೇಕಾದ್ರೂ ಹಾರಿ ಅಂತ ಬಾಗಿಲು ತೆರೀತು. ಅದರಲ್ಲಿ ಕೊಚ್ಚಿ ಇದೆ, ತಿರುಚಿರಾಪಳ್ಳಿ ಇದೆ, ಬೆಂಗಳೂರು ಇಲ್ಲ. ತಿರುಚ್ಚಿಯಂಥ ಮಧ್ಯಮ ಊರಿಂದ ಸಿಂಗಪುರ, ಕ್ವಾಲಾಲಂಪುರಕ್ಕೆ ಅಷ್ಟೊಂದು ವಿಮಾನ ಇರೋದಕ್ಕೆ ಅಲ್ಲಿನ ತಮಿಳರ ನಂಟು ಒಂದು ಕಾರಣ, ಈ ತೆರೆದ ಬಾಗಿಲು ಇನ್ನೊಂದು. ಬೆಂಗಳೂರಿಗೆ ಬರೋ ಸೀಟುಗಳಿಗೆ ಮಿತಿ ಇದೆ. ಮಿತಿ ತೆಗೆದ್ರೆ ನಮ್ಮ ಏರ್‌ಲೈನ್‌ಗಳಿಗೆ ಹೊಡೆತ ಅನ್ನೋದು ಒಂದು ವಾದ, ತೆಗೀದಿದ್ರೆ ಪ್ರಯಾಣಿಕನಿಗೆ ಹೊಡೆತ ಅನ್ನೋದು ಇನ್ನೊಂದು.

ಹೊಟ್ಟೆಯಲ್ಲಿ ಏನಿದೆ?

ಪ್ರಯಾಣಿಕರ ಕಾಲ ಕೆಳಗೆ ಇನ್ನೊಂದು ಬಿಸಿನೆಸ್ ಇದೆ. ನಮ್ಮ ಕಡೆಯ ಪಾಲಿಹೌಸ್ ಗುಲಾಬಿ, ಸೊಪ್ಪು, ತರಕಾರಿ ಬೆಳೆಯೋರಿಗೆ ಏರ್‌ಪೋರ್ಟ್ ಹತ್ತಿರ ಇರೋದು ವರ. ಬೇಗ ಕೆಡೋ ಸರಕಿನ ರಫ್ತಿನಲ್ಲಿ ಬೆಂಗಳೂರು ದೇಶದಲ್ಲೇ ಮುಂಚೂಣಿಯಲ್ಲಿದೆ, ಸಿಂಗಪುರ, ಕ್ವಾಲಾಲಂಪುರ ಅದರ ದೊಡ್ಡ ಗಿರಾಕಿಗಳು. ಇದರಲ್ಲಿ ಒಳ್ಳೆ ಪಾಲು ಹೋಗೋದು ಪ್ಯಾಸೆಂಜರ್ ವಿಮಾನದ ಹೊಟ್ಟೆಯಲ್ಲೇ. ಎ350ಯಂಥ ಅಗಲದ ವಿಮಾನಕ್ಕೆ ದೊಡ್ಡ ಪ್ಯಾಲೆಟ್ ಹಿಡಿಸುತ್ತೆ, ಎ320ಯಲ್ಲಿ ಬ್ಯಾಗು ತುಂಬಿದ ಮೇಲೆ ಉಳಿಯೋ ಜಾಗ ಕಮ್ಮಿ. ಹಾಗಾಗಿ ಯಾವ ರೂಟಿಗೆ ಯಾವ ವಿಮಾನ ಅನ್ನೋ ತೀರ್ಮಾನ ಪ್ರವಾಸ ಹೋಗೋರಿಗೆ ಮಾತ್ರ ಅಲ್ಲ, ಹೂವು ಬೆಳೆಯೋರಿಗೂ ತಟ್ಟುತ್ತೆ.

ಒಂದೇ ಜಾತಿ, ಒಂದೇ ರೋಗ

ಒಂದೇ ತರದ ವಿಮಾನ ಇದ್ರೆ ಖರ್ಚು ಕಡಿಮೆ ಅಂದೆ. ಅದರ ಇನ್ನೊಂದು ಮುಖ: ಒಂದು ದೋಷ ಬಂದ್ರೆ ಎಲ್ಲಕ್ಕೂ ಬರುತ್ತೆ. ಎ320 ನಿಯೋಗೆ ಹಾಕೋ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳ ತೊಂದರೆಯಿಂದ ತನ್ನ ಅರ್ಧದಷ್ಟು ವಿಮಾನ ನೆಲ ಹಿಡಿದಿವೆ ಅಂತ ಹೇಳಿ ಗೋ ಫಸ್ಟ್ 2023ರ ಮೇನಲ್ಲಿ ನಿಂತೇಹೋಯ್ತು. ಇಂಡಿಗೋದ ಹತ್ತಾರು ವಿಮಾನ ಕೂಡ ನೆಲ ಹಿಡಿದವು, ಆದ್ರೆ ಅದರ ಹತ್ತಿರ ನೂರಾರು ಇದ್ದವು, ತಡೆದುಕೊಂಡಿತು.

ಡೆಕ್ಕನ್ ಹೋಯ್ತು, ಕಿಂಗ್‌ಫಿಷರ್ ಹೋಯ್ತು, 2019ರಲ್ಲಿ ಜೆಟ್ ಹೋಯ್ತು, ಗೋ ಫಸ್ಟ್ ಹೋಯ್ತು, ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು. ಈಗ ದೇಶದೊಳಗೆ ಹಾರೋ ಹತ್ತು ಜನರಲ್ಲಿ ಆರಕ್ಕೂ ಹೆಚ್ಚು ಜನ ಇಂಡಿಗೋದಲ್ಲಿ. 2025ರ ಡಿಸೆಂಬರ್ ನೆನಪಿದೆಯಲ್ಲ? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಆ ಒಂದು ಕಂಪನಿ ಸರಿಯಾಗಿ ತಯಾರಾಗಿರಲಿಲ್ಲ. ಒಂದೇ ದಿನ ಸಾವಿರಕ್ಕೂ ಹೆಚ್ಚು ಫ್ಲೈಟ್ ರದ್ದು. ಬೇರೆ ಏರ್‌ಲೈನ್‌ಗಳ ದರ ಎಷ್ಟು ಏರಿತು ಅಂದ್ರೆ ಸರ್ಕಾರವೇ ಟಿಕೆಟ್ ದರಕ್ಕೆ ಮಿತಿ ಹಾಕಬೇಕಾಯ್ತು.

ಈಗ ಡೆಲ್ಲಿ–ಬ್ಯಾಂಕಾಕ್ ಪ್ರಶ್ನೆಗೆ ಬರೋಣ. ಒಂದು ಕಾರಣ ಟ್ಯಾಕ್ಸು: ದೇಶದೊಳಗಿನ ಹಾರಾಟದ ಇಂಧನಕ್ಕೆ ರಾಜ್ಯದ ತೆರಿಗೆ ಬೀಳುತ್ತೆ, ವಿದೇಶಕ್ಕೆ ಹೋಗೋದಕ್ಕೆ ಅದು ಇಲ್ಲ. ಇನ್ನೊಂದು, ಇದಕ್ಕಿಂತ ದೊಡ್ಡದು: ಪೈಪೋಟಿ. ಡೆಲ್ಲಿಗೆ ಮುಖ್ಯವಾಗಿ ಎರಡು ಗುಂಪು. ಬ್ಯಾಂಕಾಕಿಗೆ ಇಂಡಿಗೋ ಜೊತೆ ಥಾಯ್ ಏರ್‌ವೇಸ್, ಥಾಯ್ ಏರ್‌ಏಷ್ಯಾ ಇವೆ. ಕ್ವಾಲಾಲಂಪುರಕ್ಕೆ ಏರ್‌ಏಷ್ಯಾ, ಮಲೇಷ್ಯಾ ಏರ್‌ಲೈನ್ಸ್, ಬಾಟಿಕ್ ಏರ್ ಇವೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದ್ರೆ ಇದನ್ನ ಯಾರೂ ವಿವರಿಸೋದೇ ಬೇಡ. ಗೂಡು ತಂದ ರೈತ ಮೊದಲು ನೋಡೋದು ಇವತ್ತು ಕೂಗೋಕೆ ಎಷ್ಟು ಜನ ರೀಲರ್‌ಗಳು ಬಂದಿದ್ದಾರೆ ಅಂತ. ಗೂಡು ಎಷ್ಟೇ ಚೆನ್ನಾಗಿರಲಿ, ಕೊಳ್ಳೋನು ಒಬ್ಬನೇ ಆದ್ರೆ ಅವನು ಹೇಳಿದ್ದೇ ರೇಟು. ವಿಮಾನದಲ್ಲಿ ನಾವು ಕೊಳ್ಳೋರು, ಮಾರೋನು ಒಬ್ಬನೇ ಆದ್ರೆ ಅದೇ ಗತಿ ನಮಗೆ.

ನಾವು ಎಂಜಿನಿಯರಿಂಗ್ ಓದೋರು ಎಲ್ಲದಕ್ಕೂ ಎಫಿಷಿಯೆನ್ಸಿ ಉತ್ತರ ಅಂದುಕೊಳ್ತೀವಿ. ಅದು ಅರ್ಧ ಸರಿ. ವಿಮಾನ ನಿಲ್ಲದೆ ಹಾರಿದ್ರೆ ಟಿಕೆಟ್ ಅಗ್ಗ ಮಾಡೋಕೆ ಸಾಧ್ಯ ಆಗುತ್ತೆ. ಆ ಉಳಿತಾಯದ 900 ರೂಪಾಯಿ ಕಂಪನಿ ಜೇಬಲ್ಲಿ ಉಳಿಯದೆ ನಮ್ಮ ತನಕ ಬರಬೇಕಂದ್ರೆ ಪಕ್ಕದ ಗೇಟಲ್ಲಿ ಇನ್ನೊಂದು ವಿಮಾನ ನಿಂತಿರಬೇಕು. ಚಿಂತಾಮಣಿ ಸ್ಟ್ಯಾಂಡಿನಲ್ಲಿ ಹಿಂದಿನ ಬಸ್ಸಿನ ಕಂಡಕ್ಟರ್ ಜೋರಾಗಿ ಕೂಗ್ತಿದ್ರೇನೇ ಮುಂದಿನ ಬಸ್ಸಿನವನು ನಮ್ಮನ್ನ ಮರ್ಯಾದೆಯಿಂದ ಹತ್ತಿಸಿಕೊಳ್ಳೋದು.

ಇವತ್ತು ರಾತ್ರಿ ಟೆರೇಸಿಗೆ ಹೋದ್ರೆ ಪೂರ್ವಕ್ಕೆ ಹೋಗೋ ದೀಪಗಳನ್ನ ಎಣಿಸಿ. ಎಷ್ಟು ದೀಪ ಅನ್ನೋದಕ್ಕಿಂತ ಎಷ್ಟು ಬೇರೆ ಬೇರೆ ಕಂಪನಿಯ ದೀಪ ಅಂತ ನೋಡಿ.