ಸುಸ್ಥಿರ ಅಭಿವೃದ್ಧಿಯ ಪ್ರಾದೇಶಿಕ ಆಚರಣೆ: ಮೂಸಿ ಜಲಾನಯನದ ನಿದರ್ಶನ

ಇಂದಿನ ಪೀಳಿಗೆಯ ಅಗತ್ಯಗಳನ್ನು ಪೂರೈಸುವಾಗ ಮುಂದಿನ ಪೀಳಿಗೆಯ ಪಾಲಿಗೆ ಕುಂದು ತರಬಾರದೆಂಬುದೇ ಸುಸ್ಥಿರ ಅಭಿವೃದ್ಧಿಯ ತಿರುಳು. ಬ್ರುಂಟ್‌ಲ್ಯಾಂಡ್ ಆಯೋಗವು 1987ರಲ್ಲಿ ಈ ವಿಚಾರವನ್ನು ಜಗತ್ತಿನ ಮುಂದಿಟ್ಟಿತು. 1992ರ ರಿಯೋ ಸಮ್ಮೇಳನವು ಅದರ ಆಚರಣೆಯಲ್ಲಿ ಸ್ಥಳೀಯ ಆಡಳಿತಗಳ ಹೊಣೆಯನ್ನು ಗುರುತಿಸಿತು. ಆದರೆ ‘ಪ್ರದೇಶ’ವೆಂದರೆ ಆಡಳಿತ ನಕ್ಷೆಯ ಗೆರೆಯೋ, ನೀರು ಹರಿದು ಬರುವ ನೆಲವೋ? ಈ ಪ್ರಶ್ನೆಯನ್ನು ಹೈದರಾಬಾದಿನ ಅನುಭವದ ಬೆಳಕಿನಲ್ಲಿ ಪರಿಶೀಲಿಸಬಹುದು.

ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುವ ಮೂಸಿ ನದಿಯು 1908ರ ಸೆಪ್ಟೆಂಬರ್ 28ರಂದು ಉಕ್ಕಿ ಹರಿದು ನಗರದ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು ಪರಿಹಾರವನ್ನು ನಗರದ ದಡಗಳಲ್ಲಿ ಮಾತ್ರ ಅರಸದೆ ನದಿಯ ಮೇಲಣ ಪಾತ್ರದಲ್ಲಿ ಕಂಡರು. ಅದರ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರವೂ (1920), ಉಪನದಿ ಈಸಿಗೆ ಹಿಮಾಯತ್ ಸಾಗರವೂ (1927) ನಿರ್ಮಾಣಗೊಂಡವು. ನೆರೆಯನ್ನು ತಡೆದ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

ಕಟ್ಟೆ ಕಟ್ಟಿದರೆ ಸಾಲದು. ನೀರು ಬರುವ ನೆಲವೂ ಉಳಿಯಬೇಕು. 1996ರ ಮಾರ್ಚ್ 8ರಂದು ಆಂಧ್ರಪ್ರದೇಶ ಸರ್ಕಾರವು ಹೊರಡಿಸಿದ 111ನೆಯ ಸಂಖ್ಯೆಯ ಆದೇಶವು ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಗ್ರಾಮಗಳಲ್ಲಿ ಮಾಲಿನ್ಯಕಾರಕ ಉದ್ಯಮಗಳನ್ನೂ ದೊಡ್ಡ ಹೋಟೆಲು, ಬಡಾವಣೆಗಳನ್ನೂ ನಿಷೇಧಿಸಿತು. ಈ ವ್ಯಾಪ್ತಿಯಲ್ಲಿ ಕಾರ್ಖಾನೆಯೊಂದಕ್ಕೆ ಸರ್ಕಾರವೇ ನೀಡಿದ ವಿನಾಯಿತಿಯನ್ನು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಹಾನಿ ಸಂಭವಿಸಿದ ಬಳಿಕ ಪರಿಹಾರ ಹುಡುಕುವುದಕ್ಕಿಂತ ಮುನ್ನೆಚ್ಚರಿಕೆ ಲೇಸೆಂಬ ತತ್ವಕ್ಕೆ ಇದರಿಂದ ಬಲ ಬಂದಿತು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಕೊರತೆಯಿತ್ತು. ನೀರಿನ ಲಾಭ ನಗರಕ್ಕೆ, ನಿರ್ಬಂಧದ ಭಾರ ಗ್ರಾಮಗಳಿಗೆ ಎಂಬಂತಾಯಿತು. ನೆರೆಯ ಊರುಗಳಲ್ಲಿ ಭೂಮಿಯ ಬೆಲೆ ಏರುತ್ತಿರಲು, ಇಲ್ಲಿನ ರೈತರಲ್ಲಿ ಅಸಮಾಧಾನ ಮೂಡಿದುದು ಸಹಜ. ಕೃಷ್ಣಾ, ಗೋದಾವರಿಗಳ ನೀರು ದೂರದಿಂದ ನಗರಕ್ಕೆ ಬಂದ ಮೇಲೆ ಆದೇಶದ ಅಗತ್ಯವೇ ಪ್ರಶ್ನೆಗೊಳಗಾಯಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರವು ನಿರ್ಬಂಧಗಳನ್ನು ಹಿಂತೆಗೆದುಕೊಂಡಿತು. ಆದರೆ ಕುಡಿಯುವ ನೀರೊಂದೇ ಜಲಾಶಯಗಳ ಪ್ರಯೋಜನವಲ್ಲ. 2020ರ ಅಕ್ಟೋಬರ್‌ನ ಮಹಾಮಳೆಯಲ್ಲಿ ಅನೇಕ ಬಡಾವಣೆಗಳು ಜಲಾವೃತವಾದಾಗ, ನೀರಿನ ಜಾಗವನ್ನು ಕಟ್ಟಡಗಳು ಆಕ್ರಮಿಸಿದುದರ ಪರಿಣಾಮ ಕಣ್ಣಿಗೆ ಕಂಡಿತ್ತು.

ಈ ಸಂದರ್ಭದಲ್ಲಿ ಕನ್ನಡ ಶಾಸನಗಳ ಎರಡು ಪದಗಳು ಗಮನಾರ್ಹ: ಕಟ್ಟುಗೊಡಗೆ, ಬಿತ್ತುವಟ್ಟ. ಕೆರೆ ಕಟ್ಟಿದವನಿಗೆ ಭೂಮಿಯನ್ನು ಕೊಡುವುದು ಮೊದಲನೆಯದು. ಕೆರೆಯ ಪಾಲನೆಗಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಡುವುದು ಎರಡನೆಯದು. ನೀರನ್ನು ಕಾಯುವವರಿಗೆ ಆ ನೀರಿನ ಫಲದಲ್ಲಿ ಪಾಲಿರಬೇಕೆಂಬ ವಿವೇಕ ಇವುಗಳ ಹಿಂದಿದೆ. ಜಲಾನಯನವನ್ನೇ ಪ್ರದೇಶವೆಂದು ಪರಿಗಣಿಸಿ, ನಗರವು ತಾನು ಪಡೆದ ರಕ್ಷಣೆಯ ಬೆಲೆಯನ್ನು ಮೇಲಣ ಗ್ರಾಮಗಳಿಗೆ ಸಲ್ಲಿಸಿದಾಗ ಮಾತ್ರ ಸುಸ್ಥಿರ ಅಭಿವೃದ್ಧಿಯು ಆದೇಶದ ಹಾಳೆಯಿಂದ ನೆಲಕ್ಕಿಳಿಯಬಲ್ಲುದು.