ಒಂದು ಕೋಟಿ ಜನ, ಐದು ಕುರ್ಚಿ

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಸುಮಾರು ಒಂದು ಕೋಟಿ ಜನ. ಆಳೋರು ಎಷ್ಟು ಮಂದಿ ಗೊತ್ತಾ? ಜನ ಆರಿಸಿದ ಐದೇ ಸೂಪರ್‌ವೈಸರ್‌ಗಳು. ಒಬ್ಬೊಬ್ಬರ ಪಾಲಿಗೆ 20 ಲಕ್ಷ ಜನ!

ಸರ್ಕಾರಿ ಆಸ್ಪತ್ರೆ, ಜೈಲು, ಪೋಷಕರಿಂದ ದೂರಾದ ಮಕ್ಕಳ ಪಾಲನೆ, ಎಲ್ಲದರ ಹೊಣೆ ಈ ಐವರದ್ದೇ. 1910ರಲ್ಲೂ ಐದೇ ಕುರ್ಚಿ. ಆಗ ಅಲ್ಲಿದ್ದವರು ಬರೀ 5 ಲಕ್ಷ. ಇಷ್ಟು ದೂರದಲ್ಲಿ ಕೂತ ಪ್ರತಿನಿಧಿಗೆ ಬಡ ಬಾಡಿಗೆದಾರನ ಕಷ್ಟ ಹೇಗೆ ಮುಟ್ಟಬೇಕು?

2024ರ ನವೆಂಬರ್‌ನಲ್ಲಿ ಮತದಾರರು ‘ಮೆಷರ್ ಜಿ’ ಎಂಬ ಮತಪ್ರಸ್ತಾವವನ್ನು ಸಣ್ಣ ಅಂತರದಲ್ಲಿ ಗೆಲ್ಲಿಸಿದರು. ಅದರಂತೆ 2028ರಲ್ಲಿ ಜನರೇ ಆರಿಸುವ ಕೌಂಟಿ ಮುಖ್ಯಸ್ಥ, 2032ರ ಹೊತ್ತಿಗೆ ಒಂಬತ್ತು ಸೂಪರ್‌ವೈಸರ್‌ಗಳು. ಜೊತೆಗೆ, ಭ್ರಷ್ಟಾಚಾರದ ಮೇಲೆ ಕಣ್ಣಿಡಲು ಸ್ವತಂತ್ರ ನೈತಿಕತಾ ಆಯೋಗ. ಇದು ಬರಲೇಬೇಕಿತ್ತು, ತಡವಾಗಿಯಾದರೂ ಬಂತು.

ಆದರೆ ಒಂದು ಪೆಟ್ಟೂ ಬಿತ್ತು. 2020ರಲ್ಲೇ ಜನ ‘ಮೆಷರ್ ಜೆ’ ಎಂಬ ಇನ್ನೊಂದು ಪ್ರಸ್ತಾವವನ್ನು ಗೆಲ್ಲಿಸಿದ್ದರು. ಅದರಂತೆ, ಕೌಂಟಿ ತನ್ನಿಷ್ಟದಂತೆ ಖರ್ಚು ಮಾಡಬಹುದಾದ ಸ್ಥಳೀಯ ಆದಾಯದಲ್ಲಿ ಕನಿಷ್ಠ 10 ಪ್ರತಿಶತ ವಸತಿಗೆ, ಯುವಜನರಿಗೆ, ಉದ್ಯೋಗ ತರಬೇತಿಗೆ, ಜೈಲಿನ ಬದಲಿ ದಾರಿಗಳಿಗೆ ಮೀಸಲು. ಆ ಪಠ್ಯವನ್ನು ಕೌಂಟಿಯ ಸನ್ನದಿಗೆ, ಅಂದರೆ ಅದರ ಆಡಳಿತದ ಮೂಲ ನಿಯಮಾವಳಿಗೆ, ಸೇರಿಸುವುದೇ ಬಿಟ್ಟುಹೋಗಿತ್ತು! ಹಾಗಾಗಿ ‘ಜಿ’ ಸನ್ನದಿನ ಆ ಭಾಗವನ್ನೇ ಹೊಸದಾಗಿ ಬರೆದಾಗ, ಅದರಲ್ಲಿಲ್ಲದ ‘ಜೆ’ ರದ್ದಾಗುವ ಸ್ಥಿತಿ ಬಂತು. ಇದು ಬೆಳಕಿಗೆ ಬಂದದ್ದು 2025ರಲ್ಲಿ. ಕುರ್ಚಿ ಹೆಚ್ಚಲಿ, ಆದರೆ ಆ 10 ಪ್ರತಿಶತ ಬಡ ಬಡಾವಣೆಗಳಿಗೆ ಸಿಗಲೇಬೇಕು.